ಬಾಯಿ ಒಣಗಿದರೆ ಮೊದಲು ಮಾತ್ರೆ ಚೀಲ ಸುರಿಯಿರಿ

ಕೇಳುಗರಿಗೆ ನಮಸ್ಕಾರ. ಥೈರಾಯ್ಡ್ ಮಾತ್ರೆ ನುಂಗುವವರ ಬಾಯಲ್ಲಿ ಪದೇ ಪದೇ ಬರುವ ಮಾತೊಂದಿದೆ: “ಡಾಕ್ಟ್ರೇ, ಬಾಯಿ ಒಣಗ್ತಾ ಇದೆ, ಥೈರಾಯ್ಡ್ ಜಾಸ್ತಿ ಆಗಿರ್ಬೇಕು, ಪವರ್ ಏರಿಸಿ ಕೊಡಿ.” ಏರಿಸಬಾರದು. ಟಿಎಸ್‌ಎಚ್, ಅಂದರೆ ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಏರುವ, ಹೆಚ್ಚಾದರೆ ಇಳಿಯುವ ರಕ್ತಪರೀಕ್ಷೆಯ ಅಂಕಿ, ಸರಿಯಾಗಿದ್ದೂ ಬಾಯಿ ಒಣಗುತ್ತಿದ್ದರೆ ಕಾರಣ ಬೇರೆ ಕಡೆ ಇದೆ. ಹೆಚ್ಚಿನ ಸಲ ಅದು ನಿಮ್ಮದೇ ಮಾತ್ರೆ ಚೀಲದೊಳಗಿರುತ್ತದೆ. ಆ ಚೀಲವನ್ನು ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಈ ಹೊತ್ತು ನಾನು ಹೇಳಬೇಕಾದದ್ದು ಇಷ್ಟೇ.

ಮೊದಲು ಬಾಯಿ ನಿಜವಾಗಿ ಒಣಗಿದೆಯೋ ಇಲ್ಲವೋ ನೋಡಿಕೊಳ್ಳಬೇಕು. ನಮ್ಮ ಮಂಡ್ಯದ ಊಟದಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಎಂಜಲು ಅರ್ಧಕ್ಕಿಳಿದರೂ ತುತ್ತು ಜಾರಿಕೊಂಡು ಹೋಗುತ್ತದೆ. ಒಂದು ಒಣ ರಸ್ಕನ್ನು ನೀರಿಲ್ಲದೆ ತಿಂದು ನೋಡಿ. ಅಂಗುಳಿಗೆ ಅಂಟಿಕೊಂಡು, ನೀರು ಕುಡಿದ ಮೇಲೇ ಇಳಿಯಿತು ಎಂದರೆ ಎಂಜಲು ಕಡಿಮೆಯಾಗಿದೆ. ಅಳತೆಯೇ ಬೇಕೆನ್ನುವವರು ತಿಂಡಿ ತಿಂದು ಒಂದು ಗಂಟೆಯಾದ ಮೇಲೆ ತಲೆ ಬಗ್ಗಿಸಿ ಕೂತು, ನುಂಗದೆ, 5 ನಿಮಿಷ ಒಂದು ಲೋಟಕ್ಕೆ ಎಂಜಲು ಬಿಡಿ. ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ನೋಡಿ. ಅರ್ಧ ಎಂಎಲ್ ಕೂಡ ಇಲ್ಲದಿದ್ದರೆ ಅದು ಗಂಭೀರ. ಅಷ್ಟು ಬಂದೂ ಬಾಯಿ ಒಣಗಿದಂತೆ ಅನ್ನಿಸುವುದುಂಟು, ಅದಕ್ಕೂ ಕಾರಣಗಳಿವೆ.

ಈಗ ಮದ್ದೂರು ಕಡೆಯ ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಕೇಳಿ. ವಯಸ್ಸು ಐವತ್ತರ ಆಸುಪಾಸು, ದಿನಕ್ಕೆ 50 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆ. ಮಂಡಿನೋವಿಗೆಂದು ಯಾರೋ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಿಗ್ಗೆ ಅದರ ಜೊತೆಗೇ ನುಂಗುತ್ತಿದ್ದರು. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ, ಹಾಗಾಗಿ ಟಿಎಸ್‌ಎಚ್ ಇಳಿಯಲಿಲ್ಲ. ಡೋಸ್ 75 ಆಯಿತು, ಆಮೇಲೆ 100 ಆಯಿತು. ಅಷ್ಟರಲ್ಲಿ ಕ್ಯಾಲ್ಸಿಯಂ ಡಬ್ಬಿ ಮುಗಿಯಿತು, ಇನ್ನೊಂದು ತರಲಿಲ್ಲ. ಆಗ 100 ಪೂರ್ತಿ ಒಳಗೆ ಹೋಗತೊಡಗಿತು. ಎದೆ ಹೊಡೆದುಕೊಳ್ಳುವುದು, ಕೈ ನಡುಕ, ನಿದ್ದೆಯಿಲ್ಲ, ತಲೆನೋವು. ನಿದ್ದೆಗೂ ತಲೆನೋವಿಗೂ ಸೇರಿಸಿ ರಾತ್ರಿ 25 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬಂತು. ಬೆಳಿಗ್ಗೆ ಸೀನು ಬರುತ್ತದೆಂದು ಮೆಡಿಕಲ್ ಸ್ಟೋರಿನ ನೆಗಡಿ ಮಾತ್ರೆ, ಅದರಲ್ಲಿ ಕ್ಲೋರ್‌ಫೆನಿರಮೈನ್ ಎಂಬ ಅಲರ್ಜಿ ಔಷಧಿ. ಎಂಜಲು ಗ್ರಂಥಿಗೆ ‘ಸುರಿಸು’ ಎಂದು ಹೇಳುವ ನರದ ಸಂದೇಶವನ್ನು ಈ ಎರಡೂ ತಡೆಯುತ್ತವೆ. ಬಾಯಿ ಒಣಗಿ ಕಟ್ಟಿಗೆಯಾಯಿತು. ಅವರು ಬಂದದ್ದು ಏನು ಕೇಳಿಕೊಂಡು? ಡೋಸ್ 125 ಮಾಡಿ ಎಂದು!

ಚೀಲ ಸುರಿದಾಗ ಕಥೆಯೆಲ್ಲ ಮೇಜಿನ ಮೇಲೆ ಬಿತ್ತು. ಟಿಎಸ್‌ಎಚ್ 0.1ಕ್ಕಿಂತ ಕೆಳಗಿತ್ತು, ಅಂದರೆ ಥೈರಾಕ್ಸಿನ್ ಹೆಚ್ಚಾಗಿತ್ತು. ಥೈರಾಕ್ಸಿನ್ 75ಕ್ಕೆ ಇಳಿಯಿತು, ನೆಗಡಿ ಮಾತ್ರೆಯ ಬದಲು ಮೂಗಿನ ಸ್ಪ್ರೇ ಬಂತು, ಅಮಿಟ್ರಿಪ್ಟಿಲಿನ್ ಮೊದಲು 10ಕ್ಕೆ ಇಳಿದು ಆಮೇಲೆ ನಿಂತಿತು. ಮತ್ತೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದ್ದು 6 ವಾರ ಕಳೆದ ಮೇಲೆ, ಅದಕ್ಕೆ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಬಾಯಿ ಅಷ್ಟರಲ್ಲೇ ಒದ್ದೆಯಾಗಿತ್ತು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಚೀಲ ಸುರಿಯುವುದಷ್ಟೇ ನಿಮ್ಮ ಕೆಲಸ. ಮೂತ್ರ ತಡೆಯುವ ಮಾತ್ರೆ, ಬಿಪಿಗೆ ಕೊಡುವ ನೀರಿನ ಮಾತ್ರೆ, ಕೆಮ್ಮಿನ ಸಿರಪ್ಪು, ಕೂದಲು ಉದುರುತ್ತದೆಂದು ತಿನ್ನುವ ಬಯೋಟಿನ್, ಎಲ್ಲವೂ ಚೀಲದಲ್ಲಿರಲಿ. ಬಯೋಟಿನ್ ಬಾಯಿ ಒಣಗಿಸುವುದಿಲ್ಲ, ಆದರೆ ಕೆಲವು ಲ್ಯಾಬ್ ಯಂತ್ರಗಳಲ್ಲಿ ಟಿಎಸ್‌ಎಚ್ಚನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ಬಿಡಬೇಕು. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ, ಕಬ್ಬಿಣ 4 ಗಂಟೆ ಬಿಟ್ಟು. ಕಾಫಿ ಬಿಟ್ಟಿರಲಾಗದ ಮೈಸೂರಿನವರಿಗೆ ಇದು ಕಷ್ಟ, ಗೊತ್ತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಚೀಲದಲ್ಲಿ ಕಾರಣ ಸಿಗದಿದ್ದರೆ ಸಕ್ಕರೆ ಪರೀಕ್ಷೆ. ಬಾಯಾರಿಕೆಯ ಜೊತೆ ರಾತ್ರಿ ನಾಲ್ಕಾರು ಸಲ ಮೂತ್ರಕ್ಕೆ ಏಳುತ್ತಿದ್ದರಂತೂ ತಡ ಬೇಡ. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಬೆಳಿಗ್ಗೆ ಎದ್ದಾಗ ಮಾತ್ರ ಬಾಯಿ ಒಣಗಿದ್ದು ಹಗಲೆಲ್ಲ ಸರಿಯಿದ್ದರೆ ಹೆಚ್ಚಾಗಿ ಮೂಗು ಕಟ್ಟಿರುತ್ತದೆ, ಬಾಯಲ್ಲಿ ಉಸಿರಾಡುತ್ತಿರುತ್ತೀರಿ. ಗೊರಕೆಯೂ ಇದ್ದರೆ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಅಯೋಡಿನ್ ಕುಡಿದವರಲ್ಲಿ ಎಂಜಲು ಗ್ರಂಥಿಯೂ ಆ ಅಯೋಡಿನ್ನನ್ನು ಹೀರಿರುತ್ತದೆ. ಊಟದ ಹೊತ್ತಿಗೆ ಕಿವಿಯ ಮುಂದೆ ಊದಿ ನೋಯುತ್ತದೆ, ತಿಂಗಳುಗಳ ನಂತರವೂ ಬರಬಹುದು.

ಇನ್ನೊಂದನ್ನು ಬಿಡಬಾರದು. ಥೈರಾಯ್ಡ್ ಕೆಟ್ಟದ್ದು ಹಾಶಿಮೊಟೊದಿಂದ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ಬಿದ್ದು, ಎಂದಿದ್ದರೆ ಅದೇ ವ್ಯವಸ್ಥೆ ಎಂಜಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೂ ಬೀಳಬಹುದು. ಇದು ಶೋಗ್ರನ್ ಕಾಯಿಲೆ. ಬಾಯಿ ಒಣಗುವುದರ ಜೊತೆ ಕಣ್ಣಿನಲ್ಲಿ ಮರಳು ಬಿದ್ದಂತಾಗುತ್ತದೆ. ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 5 ಮಿಲಿಮೀಟರು ಅಥವಾ ಅದಕ್ಕಿಂತ ಕಡಿಮೆ ಒದ್ದೆಯಾದರೆ ಕಣ್ಣೀರು ಕಡಿಮೆ. ರಕ್ತದಲ್ಲಿ ಈ ಕಾಯಿಲೆಯ ಗುರುತಾದ ಎಸ್‌ಎಸ್‌ಎ ಆಂಟಿಬಾಡಿ ನೋಡಬೇಕು. ಅದೂ ಇಲ್ಲದಿದ್ದು ಅನುಮಾನ ಉಳಿದರೆ ಕೆಳತುಟಿಯ ಒಳಗಿನ ಸಣ್ಣ ಗ್ರಂಥಿಯ ಬಯಾಪ್ಸಿ. ಇಷ್ಟಕ್ಕೆಲ್ಲ ರುಮಟಾಲಜಿಸ್ಟ್, ಅಂದರೆ ಇಂಥ ಕಾಯಿಲೆಗಳ ತಜ್ಞರ ಹತ್ತಿರ ಹೋಗಬೇಕು.

ಕಾರಣ ಸಿಗುವ ತನಕ ಹಲ್ಲು ಉಳಿಸಿಕೊಳ್ಳಿ. ಎಂಜಲಿಲ್ಲದ ಬಾಯಲ್ಲಿ ಒಸಡಿನ ಬುಡದಲ್ಲೇ ಹುಳುಕು ಹಿಡಿಯುತ್ತದೆ. ಹುಳಿ ಪೆಪ್ಪರಮಿಂಟು ಚೀಪುವುದು, ದವಡೆಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ಇಟ್ಟುಕೊಳ್ಳುವುದು, ಎರಡೂ ಬೇಡ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯಿರಿ, ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು ಉಜ್ಜಿ. ನಾಲಿಗೆ ಕೆಂಪಗಾಗಿ, ಖಾರ ತಾಗಿದರೆ ಉರಿಯುತ್ತಿದ್ದರೆ ಅದು ಫಂಗಸ್ ಇರಬಹುದು. ಔಷಧಿ ಇದೆ, ದಂತವೈದ್ಯರಿಗೆ ತೋರಿಸಿ. ನಮಸ್ಕಾರ.