ಕೈರಾನ್‌ಗೆ ಎರಡು ನಂಬರು

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳನ್ನು ನಮ್ಮ ಬೊಂಬಾಯಿಯ ವರ್ಲಿಯಲ್ಲಿರುವ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋದರೆ ಹೊರಗೆ ಬರುವಾಗ ಒಂದು ಪ್ರಶ್ನೆ ಗ್ಯಾರಂಟಿ: ಪ್ಲೂಟೊವನ್ನು ಯಾಕೆ ತೆಗೆದುಹಾಕಿದರು? ಯಾರೂ ತೆಗೆದುಹಾಕಿಲ್ಲ, ಅದು ಇದ್ದಲ್ಲೇ ಇದೆ. 2006ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹಕ್ಕೆ ಮೂರು ಷರತ್ತು ಹಾಕಿತು. ಸೂರ್ಯನನ್ನು ಸುತ್ತಬೇಕು, ತನ್ನದೇ ಸೆಳೆತದಿಂದ ಉರುಟಾಗಿರಬೇಕು, ತನ್ನ ದಾರಿಯಲ್ಲಿ ಬೇರೆಯವರ ಕಾರುಬಾರು ಇರಬಾರದು. ಮೂರನೆಯದರಲ್ಲಿ ಪ್ಲೂಟೊ ಫೇಲು. ನೆಪ್ಚೂನ್ ಆಚೆ ಹಿಮದ ಕಾಯಗಳು ಬೇಕಾದಷ್ಟಿವೆ. ಏರಿಸ್ ಅಂತೂ ಪ್ಲೂಟೊಗಿಂತ ಭಾರ. ಹಾಗಾಗಿ ಎರಡೂ ಕುಬ್ಜಗ್ರಹಗಳು. ನನ್ನ ಪ್ರಕಾರ ಪ್ಲೂಟೊಗಾಗಿ ಅತ್ತದ್ದು ಸಾಕು.

ನಿಜವಾದ ಮಜಾ ಇರುವುದು ಕೈರಾನ್ ಎಂಬ ಪುಟ್ಟ ಆಕಾಶಕಾಯದಲ್ಲಿ. ವರ್ಲಿಯ ತಾರಾಲಯ ಶುರುವಾದ 1977ರಲ್ಲೇ ಅಮೆರಿಕದ ಚಾರ್ಲ್ಸ್ ಕೊವಾಲ್ ಇದನ್ನು ಕಂಡುಹಿಡಿದರು. ಅಗಲ ಸುಮಾರು 200 ಕಿಲೋಮೀಟರ್. ಓಡಾಟ ಹೆಚ್ಚಾಗಿ ಶನಿ ಮತ್ತು ಯುರೇನಸ್ ನಡುವೆ. ಬಾಲ ಇಲ್ಲ, ಮಬ್ಬು ಇಲ್ಲ, ಸುಮ್ನೆ ಒಂದು ಚುಕ್ಕಿ. ಸರಿ, ಕ್ಷುದ್ರಗ್ರಹ ಅಂತ 2060ನೇ ನಂಬರು ಕೊಟ್ಟರು.

1988ರಲ್ಲಿ ಅದು ಲೆಕ್ಕಕ್ಕಿಂತ ಜಾಸ್ತಿ ಹೊಳೆಯತೊಡಗಿತು. ಮರುವರ್ಷ ನೋಡಿದರೆ ಸುತ್ತ ತೆಳುವಾದ ಮಬ್ಬು! ಅದು ಧೂಮಕೇತುವಿನ ಗುರುತು. ಹಿಮ ಬಿಸಿಯಾಗಿ, ನೀರಾಗದೆ ನೇರವಾಗಿ ಆವಿಯಾಗಿ, ದೂಳನ್ನೂ ಎಳೆದುಕೊಂಡು ಹೊರಡುತ್ತದೆ. ಆದರೆ ಶನಿಯ ಆಚೆಯ ಚಳಿಗೆ ನೀರಿನ ಹಿಮ ಮಿಸುಕಾಡುವುದಿಲ್ಲ. ಅಲ್ಲಿ ಆವಿಯಾಗಬಲ್ಲದ್ದು ಕಾರ್ಬನ್ ಮಾನಾಕ್ಸೈಡ್‌ನಂಥ, ತುಸು ಬಿಸಿಗೇ ಎದ್ದು ಹಾರುವ ಹಿಮ. ಕೊನೆಗೆ ಧೂಮಕೇತುಗಳ ಪಟ್ಟಿಗೂ ಸೇರಿಸಿದರು: 95ಪಿ. ಈ 'ಪಿ' ಸುತ್ತಿ ಸುತ್ತಿ ಮರಳಿ ಬರುವ ಧೂಮಕೇತುಗಳಿಗೆ, ಹ್ಯಾಲಿ 1ಪಿ. ಹಳೆಯ ನಂಬರನ್ನು ಮಾತ್ರ ಯಾರೂ ಅಳಿಸಲಿಲ್ಲ.

ಊರಿಗೆ ಹೋದರೆ ನಾವು ಬೊಂಬಾಯಿಯವರು, ಬೊಂಬಾಯಿಯಲ್ಲಿ ಊರಿನವರು, ಅಲ್ವಾ? ಕೈರಾನ್ ಪಾಡೂ ಅದೇ.

ದೊಡ್ಡ ಗ್ರಹಗಳ ನಡುವೆ ಓಡಾಡುವ ಇಂಥ ಕಾಯಗಳನ್ನು ಸೆಂಟಾರ್ ಅನ್ನುತ್ತಾರೆ. ನೆಪ್ಚೂನ್ ಆಚೆಯಿಂದ ಒಳಕ್ಕೆ ಜಾರಿ ಬಂದವು ಎಂಬುದು ಖಗೋಳಜ್ಞರ ಲೆಕ್ಕಾಚಾರ. ದೊಡ್ಡ ಗ್ರಹಗಳ ಎಳೆದಾಟದಲ್ಲಿ ಅವುಗಳ ದಾರಿ ಬಹಳ ಕಾಲ ನಿಲ್ಲುವುದಿಲ್ಲ. ಕೆಲವು ಇನ್ನೂ ಒಳಗೆ ಬಂದು ಚಿಕ್ಕ ಸುತ್ತಿನ ಧೂಮಕೇತುಗಳಾಗುತ್ತವೆ. ಕೆಲವು ಸೌರಮಂಡಲವನ್ನೇ ಬಿಟ್ಟು ಹೋಗುತ್ತವೆ. ಎರಡು ನಂಬರಿನ ಯೋಗ ಕೈರಾನ್‌ಗೆ ಮಾತ್ರ ಅಂದುಕೊಳ್ಳಬೇಡಿ. ಎಕೆಕ್ಲಸ್ ಎಂಬ ಇನ್ನೊಂದು ಸೆಂಟಾರ್ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ 60558, ಧೂಮಕೇತುಗಳ ಪಟ್ಟಿಯಲ್ಲಿ 174ಪಿ.

ನಮಸ್ಕಾರ.