ತೋಟದ ಹವಾಮಾನ ಕೇಂದ್ರ ಮತ್ತು ಮನೆಯ ಇಂಟರ್ನೆಟ್

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಾಸರಗೋಡಿನ ಅಡಿಕೆ ಕೃಷಿಕರಿಗೆ ಮಳೆಯ ಲೆಕ್ಕ ಇಡುವುದು ಹೊಸ ಅಭ್ಯಾಸವೇನಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಒಂದೆರಡು ದಿನದ ಹೊಳವು ಸಿಕ್ಕೀತೇ ಎಂದು ಆಕಾಶ ನೋಡುವವರು, ಅಂಗಳದ ಮಳೆಮಾಪಕದ ನೀರನ್ನು ಬೆಳಗ್ಗೆ ಎಂಟೂವರೆಗೆ ಅಳೆದು ಡೈರಿಯಲ್ಲಿ ಬರೆದಿಡುವವರು ನಮ್ಮ ನಡುವೆ ಇದ್ದಾರೆ. ಅಂಥ ಅಂಗಳಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಸ್ವಯಂಚಾಲಿತ ಹವಾಮಾನ ಕೇಂದ್ರ ಕಂಬವೇರಿ ನಿಂತಿದೆ. ನಮ್ಮ ಮನೆಯಲ್ಲೂ ಒಂದಿದೆ. ಅದು ಮಳೆಯನ್ನಷ್ಟೇ ಅಳೆಯುವುದಿಲ್ಲ. ಮನೆಯ ಇಂಟರ್ನೆಟ್ಟಿಗೆ ಸೇರಿದ ಒಂದು ಸಣ್ಣ ಕಂಪ್ಯೂಟರೂ ಆಗಿದೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಈ ವ್ಯವಸ್ಥೆಯಲ್ಲಿ ಎರಡು ಭಾಗಗಳಿವೆ. ಹೊರಗಿನ ಕಂಬದಲ್ಲಿರುವ ಸಂವೇದಕಗಳು ಗಾಳಿ, ಮಳೆ, ತೇವಾಂಶಗಳ ಅಂಕಿಗಳನ್ನು ರೇಡಿಯೋ ಅಲೆಗಳ ಮೂಲಕ ಒಳಗಿನ ಪೆಟ್ಟಿಗೆಗೆ ಕಳಿಸುತ್ತವೆ. ಸಾಮಾನ್ಯವಾಗಿ ಈ ಸಂದೇಶಕ್ಕೆ ಗೂಢಲಿಪಿಯ ರಕ್ಷಣೆ ಇರುವುದಿಲ್ಲ. ಪಕ್ಕದ ಮನೆಯಲ್ಲೂ ಅದೇ ತಯಾರಿಕೆಯ ಕೇಂದ್ರವಿದ್ದರೆ ಅವರ ಅಂಗಳದ ಮಳೆ ನಮ್ಮ ಪರದೆಯಲ್ಲಿ ಬಿದ್ದೀತು. ಅದರಿಂದ ದೊಡ್ಡ ಹಾನಿಯಿಲ್ಲ. ನಾವು ಗಮನಿಸಬೇಕಾದದ್ದು ಒಳಗಿನ ಪೆಟ್ಟಿಗೆಯನ್ನು, ಏಕೆಂದರೆ ವೈಫೈ ಮೂಲಕ ರೌಟರಿಗೆ ಸೇರಿ ಅಂಕಿಅಂಶಗಳನ್ನು ದೂರದ ಸರ್ವರಿಗೆ ತಲುಪಿಸುವುದು ಅದೇ.

ಅದನ್ನು ಕಾಯುವ ಮೊದಲು ಜಾಲದಲ್ಲಿ ಅದು ಎಲ್ಲಿದೆ ಎಂದು ಗುರುತಿಸಬೇಕು. ರೌಟರಿನ ಆಡಳಿತ ಪುಟವನ್ನು ತೆರೆದರೆ ಅದಕ್ಕೆ ಸೇರಿರುವ ಸಾಧನಗಳ ಪಟ್ಟಿ ಸಿಗುತ್ತದೆ. ನಾನು ಮೊದಲ ಸಲ ನೋಡಿದಾಗ ಅದರಲ್ಲಿ ಹನ್ನೊಂದು ಸಾಲುಗಳಿದ್ದವು. ಮನೆಯವರೆಲ್ಲ ಸೇರಿ ಎಣಿಸಿದರೂ ನೆನಪಾದದ್ದು ಎಂಟು. ಹವಾಮಾನ ಕೇಂದ್ರ ಎಂಬ ಹೆಸರು ಎಲ್ಲಿಯೂ ಇರಲಿಲ್ಲ, ಬದಲಿಗೆ 'ಇಎಸ್‌ಪಿ' ಎಂದು ಆರಂಭವಾಗುವ ಒಂದು ಅರ್ಥವಾಗದ ಹೆಸರಿತ್ತು. ಪ್ರತಿ ಸಾಧನಕ್ಕೂ ಮ್ಯಾಕ್ ವಿಳಾಸ ಎಂಬ 48 ಬಿಟ್ಟುಗಳ ಗುರುತು ಇರುತ್ತದೆ. ಅದರ ಮೊದಲ 24 ಬಿಟ್ಟುಗಳು ತಯಾರಕರನ್ನು ಸೂಚಿಸುತ್ತವೆ. ಆದರೆ ಅಲ್ಲಿ ಅನೇಕ ಸಲ ಕಾಣುವುದು ಕೇಂದ್ರವನ್ನು ಮಾರಿದವರ ಹೆಸರಲ್ಲ, ಒಳಗಿನ ವೈಫೈ ಚಿಪ್ಪನ್ನು ಮಾಡಿದ ಎಸ್ಪ್ರೆಸಿಫ್ ಎಂಬ ಕಂಪನಿಯ ಹೆಸರು. ಅದೇ ಚಿಪ್ಪು ದೀಪದ ಸ್ವಿಚ್ಚಿನಲ್ಲೂ ಇರಬಹುದು. ಆದ್ದರಿಂದ ಹಳ್ಳಿಯ ಉಪಾಯವೇ ಮೇಲು: ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತು, ಪಟ್ಟಿಯಿಂದ ಯಾವ ಸಾಲು ಮರೆಯಾಗುತ್ತದೆ ಎಂದು ನೋಡಿ. ಕೆಲವು ರೌಟರುಗಳು ಹಳೆಯ ಸಾಲನ್ನು ಸ್ವಲ್ಪ ಹೊತ್ತು ಉಳಿಸಿಕೊಳ್ಳುವುದರಿಂದ ಅಷ್ಟು ತಾಳ್ಮೆ ಬೇಕು.

ಮಳೆಯ ಅಂಕಿಯನ್ನು ಕದ್ದು ಯಾರಿಗೇನು ಲಾಭ ಎಂದು ಕೇಳಬಹುದು. ಕಳ್ಳನಿಗೆ ಬೇಕಾದದ್ದು ಮಳೆಯಲ್ಲ, ಪೆಟ್ಟಿಗೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶವು, ಕಾರ್ಖಾನೆಯಲ್ಲಿ ಹಾಕಿದ್ದ ಸುಮಾರು ಅರವತ್ತು ಜೋಡಿ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿಯೇ, ಮುಖ್ಯವಾಗಿ ಕ್ಯಾಮೆರಾ, ರೆಕಾರ್ಡರ್ ಮತ್ತು ರೌಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳ ದಂಡು, ಜಾಲತಾಣಗಳ ಹೆಸರಿನಿಂದ ಅವುಗಳ ವಿಳಾಸವನ್ನು ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆರಗಿದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಗಂಟೆಗಟ್ಟಲೆ ತಡವರಿಸಿದವು.

ಹವಾಮಾನ ಕೇಂದ್ರವು ಅಂಕಿಗಳನ್ನು ಹೊರಗೆ ಕಳಿಸಿದರೆ ಸಾಕು, ಹೊರಗಿನವರು ಒಳಗೆ ಬರುವ ಅಗತ್ಯವಿಲ್ಲ. ಹೀಗಿರುವಾಗ ದೂರದ ಊರಿನಿಂದ ಮಕ್ಕಳು ನೋಡಲೆಂದು ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದಿಡುವುದು ತಪ್ಪು. ಅಂಕಿಗಳನ್ನು ಸರ್ವರಿನಲ್ಲೇ ನೋಡಬಹುದು. ತೆರೆದ ಪೋರ್ಟುಗಳನ್ನು ಹುಡುಕಿ ಪಟ್ಟಿಮಾಡುವ ಶೋಡಾನ್‌ನಂಥ ಶೋಧಯಂತ್ರಗಳು 2009ರಿಂದಲೇ ಇವೆ. ರೌಟರಿನಲ್ಲಿ ಅತಿಥಿಗಳಿಗೆಂದು ಪ್ರತ್ಯೇಕ ವೈಫೈ ಇದ್ದರೆ ಪೆಟ್ಟಿಗೆಯನ್ನು ಅದಕ್ಕೆ ಸೇರಿಸುವುದು ಉತ್ತಮ; ಪೆಟ್ಟಿಗೆ ಕೈತಪ್ಪಿದರೂ ಬ್ಯಾಂಕ್ ವ್ಯವಹಾರದ ಕಂಪ್ಯೂಟರಿನ ಬಳಿಗೆ ಅದು ಸುಲಭವಾಗಿ ಸುಳಿಯಲಾರದು. ಆಗ ನಮ್ಮ ಮೊಬೈಲಿನ ಆ್ಯಪಿಗೂ ಪೆಟ್ಟಿಗೆ ನೇರವಾಗಿ ಸಿಗದಿರಬಹುದು, ಆ ತೊಂದರೆಯನ್ನು ನಾನು ಒಪ್ಪಿಕೊಂಡಿದ್ದೇನೆ. ಕೆಲವು ಕೇಂದ್ರಗಳು ತಮ್ಮ ಗುರುತು ಮತ್ತು ಪಾಸ್‌ವರ್ಡನ್ನು ಗೂಢಲಿಪಿಯಿಲ್ಲದೆ, ತೆರೆದ ಅಂಚೆಕಾರ್ಡಿನ ಹಾಗೆ ಕಳಿಸುತ್ತವೆ. ಹಾಗಾಗಿ ಇಮೇಲಿನ ಪಾಸ್‌ವರ್ಡನ್ನೇ ಅಲ್ಲಿಯೂ ಕೊಡಬಾರದು. ತಯಾರಕರು ಫರ್ಮ್‌ವೇರ್, ಅಂದರೆ ಪೆಟ್ಟಿಗೆಯನ್ನು ನಡೆಸುವ ಒಳಗಿನ ತಂತ್ರಾಂಶದ ಪರಿಷ್ಕರಣೆ ಬಿಡುಗಡೆ ಮಾಡಿದಾಗ ಹಾಕಿಕೊಳ್ಳಬೇಕು.

ನಮ್ಮ ಕಡೆ ಇನ್ನೊಂದು ಪ್ರಸಂಗವಿದೆ. ತುಲಾ ಮಳೆಯ ಸಿಡಿಲಿಗೆ ರೌಟರ್ ಸುಟ್ಟು, ಕೇಬಲಿನವರು ಹೊಸದನ್ನು ತಂದು ಜೋಡಿಸಿ ಹೋಗುತ್ತಾರೆ. ಹೊಸದರಲ್ಲಿ ಅತಿಥಿ ವೈಫೈ ಚಾಲೂ ಇರುವುದಿಲ್ಲ, ಆಡಳಿತ ಪುಟಕ್ಕೆ ಕಾರ್ಖಾನೆಯ ಪಾಸ್‌ವರ್ಡೇ ಇರಬಹುದು. ಅವರು ಅಂಗಳ ದಾಟುವ ಮೊದಲೇ ಆ ಪುಟವನ್ನು ತೆರೆಯುವ ವಿಧಾನ ಕೇಳಿಕೊಂಡು, ಅದೇ ದಿನ ಪಾಸ್‌ವರ್ಡು ಬದಲಿಸಿ, ಸಾಧನಗಳ ಪಟ್ಟಿಯನ್ನು ಮಳೆ ಬರೆಯುವ ಡೈರಿಯ ಕೊನೆಯ ಪುಟದಲ್ಲಿ ಬರೆದಿಡಿ.

ನಮಸ್ಕಾರ.