ಕಯಾಕ್ ಗಾಡಿ ಕೊಳ್ಳೋ ಮುಂಚೆ ದಾರಿ ನೋಡ್ಕೊಳ್ಳಿ

ನಮಸ್ಕಾರ. ಇವತ್ತು ಗಾಳದ ಮಾತಿಲ್ಲ, ಮೀನಿನ ಮಾತೂ ಇಲ್ಲ. ಕಾರಿಂದ ಇಳಿಸಿದ ಕಯಾಕು, ಅಂದ್ರೆ ಹುಟ್ಟು ಹಾಕೋ ನಮ್ಮ ಪುಟ್ಟ ದೋಣಿ, ನೀರು ಮುಟ್ಟೋವರೆಗೆ ನಡುವೆ ಒಂದಿಷ್ಟು ದೂರ ಇರುತ್ತಲ್ಲ, ಆ ದೂರದ ಮಾತು. ಅಂದ್ರೆ, ಕಯಾಕನ್ನ ಮೇಲಿಟ್ಟು ಕೈಯಲ್ಲಿ ಎಳ್ಕೊಂಡು ಹೋಗೋಕೆ ಯಾವ ಚಕ್ರದ ಗಾಡಿ ತಗೋಬೇಕು ಅನ್ನೋದು.

ಗಾಡಿ ಕೊಳ್ಳೋಕೆ ಹೋದವರೆಲ್ಲ ಮೊದಲು ಕೇಳೋ ಪ್ರಶ್ನೆ, "ಇದು ಎಷ್ಟು ಕೆಜಿ ತಡೆಯುತ್ತೆ?" ಕೇಳಿ, ತಪ್ಪೇನಿಲ್ಲ. ಅದಕ್ಕೂ ಮುಂಚೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ: ನಾನು ಎಳೆಯೋ ದಾರಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ ಯಾವುದು? ನೂರೆಂಬತ್ತು ಮೀಟರ್ ಡಾಂಬರು ಇದ್ದು ಕೊನೇ ಇಪ್ಪತ್ತು ಮೀಟರ್ ಸಡಿಲ ಮರಳಿದ್ರೆ, ಗಾಡಿ ತಗೋಬೇಕಾದ್ದು ಆ ಇಪ್ಪತ್ತು ಮೀಟರಿಗೆ. ಡಾಂಬರಿನ ಮೇಲೆ ಯಾವುದಾದ್ರೂ ಉರುಳುತ್ತೆ ಬಿಡಿ.

ಹಾಗಾಗಿ ನಾನು ಮೊದಲು ನೋಡೋದು ಚಕ್ರ, ಆಮೇಲೆ ಗಾಡಿ. ತೆಳ್ಳಗಿನ ಗಟ್ಟಿ ಪ್ಲಾಸ್ಟಿಕ್ ಚಕ್ರ ಸಿಮೆಂಟಿನ ಮೇಲೆ ಸೊಗಸಾಗಿ ಓಡುತ್ತೆ. ಮರಳಿಗೆ ಬಂತೋ, ಉರುಳೋದು ಬಿಟ್ಟು ನೇಗಿಲಿನ ಥರ ಉಳೋಕೆ ಶುರು ಮಾಡುತ್ತೆ. ಗಾಳಿ ತುಂಬಿದ ಮೆತ್ತನೆ ಟೈರು ನೆಲವನ್ನ ಒತ್ತೋ ಒತ್ತಡ ಹೆಚ್ಚುಕಮ್ಮಿ ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತೆ. ಸಾಮಾನ್ಯ ಸೈಕಲ್ ಟೈರಿನಲ್ಲಿ 40-50 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಇದ್ರೆ, ಮರಳಿಗೆ ಅಂತಲೇ ಮಾಡಿದ ದಪ್ಪ ಬಲೂನ್ ಟೈರಿನಲ್ಲಿ ಬರೀ 2ರಿಂದ 4. ಭಾರ ಬಿದ್ದಾಗ ಅದು ಚಪ್ಪಟೆಯಾಗಿ ಅಗಲಕ್ಕೆ ಕೂರುತ್ತೆ, ಅದಕ್ಕೇ ಹೂತುಹೋಗಲ್ಲ. ಕೆಲವರು ಕಾರಿನ ಟೈರಿಗೆ ಹೊಡೆದ ಹಾಗೆ ಕಲ್ಲಿನಂತೆ ಗಟ್ಟಿಯಾಗೋವರೆಗೆ ಗಾಳಿ ಹೊಡೀತಾರೆ. ಮತ್ಯಾಕೆ ಅಷ್ಟು ದುಡ್ಡು ಕೊಟ್ರಿ? ಇನ್ನೊಂದು, ಬೆಳಗಿನ ತಂಪಲ್ಲಿ ಗಾಳಿ ತುಂಬಿ, ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಅದು ಹಿಗ್ಗುತ್ತೆ. ಸ್ವಲ್ಪ ಗಾಳಿ ಇಳಿಸಿಡಿ.

ಹಾಗಂತ ಎಲ್ಲರಿಗೂ ಬಲೂನ್ ಬೇಕು ಅಂತ ನಾನು ಹೇಳಲ್ಲ. ದುಬಾರಿ, ಜಾಗ ತಿನ್ನುತ್ತೆ, ನೀರಿಗಿಳಿಸಿದ್ರೆ ಗಾಡಿಯೇ ತೇಲುತ್ತೆ. ಜಲ್ಲಿ, ಮುಳ್ಳು, ಬೇರು ಇರೋ ಕಾಲುದಾರಿ ನಿಮ್ಮದಾದ್ರೆ, ಪಂಕ್ಚರ್ ಆಗದ ಫೋಮ್ ಟೈರು ತಗೊಳ್ಳಿ, ಆದಷ್ಟು ದೊಡ್ಡ ವ್ಯಾಸದ್ದು. ಚಿಕ್ಕ ಚಕ್ರ ಪ್ರತಿ ಬೇರಿಗೂ ಮುಗ್ಗರಿಸುತ್ತೆ.

ಈಗ ಜಗಳದ ವಿಷಯ, ಸ್ಕಪ್ಪರ್ ಗಾಡಿ. ಕಯಾಕಿನ ಮೇಲೆ ಬಿದ್ದ ನೀರು ಕೆಳಗಿಳಿದು ಹೋಗೋಕೆ ತೂತುಗಳಿರುತ್ತಲ್ಲ, ಅದರೊಳಗೆ ಗಾಡಿಯ ಎರಡು ಕಂಬ ತೂರಿಸೋದು. ಪಟ್ಟಿ ಬೇಡ, ಗಂಟು ಬೇಡ, ಅರ್ಧ ನಿಮಿಷದ ಕೆಲಸ. ತಯಾರಕರೇ ಆ ತೂತನ್ನ ಬಲಪಡಿಸಿ, ಇಂಥದೇ ಗಾಡಿ ಹಾಕಿ ಅಂತ ಹೇಳಿದ್ದರೆ ಧಾರಾಳವಾಗಿ ಹಾಕಿ. ಇಲ್ಲದಿದ್ರೆ ನಾನಂತೂ ಬೇಡ ಅಂತೀನಿ. ಮೀನು ಹಿಡಿಯೋ ಕಯಾಕುಗಳು ಬಹುಪಾಲು ಪಾಲಿಎಥಿಲೀನ್ ಅನ್ನೋ ಪ್ಲಾಸ್ಟಿಕ್ಕಿನವು. ಇಡೀ ಭಾರ ಎರಡು ತೂತಿನ ಅಂಚಿಗೆ ಬೀಳುತ್ತೆ, ಹಳ್ಳದಿಣ್ಣೆಯಲ್ಲಿ ಗಾಡಿ ಕುಲುಕಿದಾಗ ಕಂಬ ಒಳಗಿಂದ ಮೀಟುತ್ತೆ. ಈಗಾಗಲೇ ಬಳಸ್ತಾ ಇದ್ದೀರಾ? ಕಯಾಕನ್ನ ಮಗುಚಿ, ತೂತಿನ ಅಂಚಿಗೆ ಟಾರ್ಚ್ ಹಿಡಿದು ನೋಡಿ. ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಬಿಳಿ ಗೆರೆ ಮೂಡಿದ್ರೆ ಬಿರುಕು ಬಿಡೋ ಮುನ್ಸೂಚನೆ. ಬಿರುಕು ಬಿಟ್ಟಮೇಲೆ ನೀರು ಹೊಟ್ಟೆಯೊಳಗೆ ಸೇರುತ್ತೆ, ದಡದಿಂದ ದೂರ ಹೋದಮೇಲೇ ನಿಮಗೆ ಗೊತ್ತಾಗೋದು.

ನನ್ನ ಓಟು ತಳವನ್ನ ಅಗಲವಾಗಿ ಹೊತ್ತುಕೊಳ್ಳೋ, ಪಟ್ಟಿ ಕಟ್ಟೋ ಗಾಡಿಗೆ. ಕಟ್ಟೋಕೆ ಎರಡು ನಿಮಿಷ ಹೆಚ್ಚು ಬೇಕು, ಆಗಲಿ. ಪಟ್ಟಿ ಮಾತ್ರ ಕೈಯಲ್ಲಿ ಎಳೆದು ಬಿಗಿಯೋ ಕ್ಯಾಮ್ ಬಕಲ್‌ನದ್ದೇ ಇರಲಿ. ಟಕಟಕ ಅಂತ ಸದ್ದು ಮಾಡೋ ರ‍್ಯಾಚೆಟ್ ಬೇಡ. ಅದರ ಬಲಕ್ಕೆ ಬಿಸಿಲಲ್ಲಿ ಮೆತ್ತಗಾದ ತಳ ತಗ್ಗು ಬೀಳುತ್ತೆ. ಫಿಶ್ ಫೈಂಡರಿನ (ನೀರೊಳಗೆ ಮೀನು ಎಲ್ಲಿದೆ ಅಂತ ತೋರಿಸೋ ಯಂತ್ರ) ಸೆನ್ಸರ್ ತಳದಲ್ಲಿದ್ರೆ ಗಾಡಿಯ ಮೆತ್ತೆ ಅದರ ಮೇಲೆ ಕೂರದ ಹಾಗೆ ನೋಡ್ಕೊಳ್ಳಿ. ಆಮೇಲೆ, ಚಕ್ರ ಕಲ್ಲಿಗೆ ತಗುಲಿದಾಗ ಗಾಡಿ ಅಲ್ಲೇ ನಿಂತು ಕಯಾಕು ಮುಂದೆ ಜಾರುತ್ತೆ. ಗಾಡಿಯ ಚೌಕಟ್ಟಿನಿಂದ ಮುಂದಿನ ಹಿಡಿಕೆಗೆ ಒಂದು ಹಗ್ಗ ಬಿಗಿದ್ರೆ ಆ ತಾಪತ್ರಯ ಇಲ್ಲ.

ಗಾಡಿಯನ್ನ ಎಲ್ಲಿ ಇಡ್ತೀರಿ ಅನ್ನೋದಂತೂ ಎಷ್ಟೋ ಜನ ಯೋಚನೆಯೇ ಮಾಡಲ್ಲ. ಲೆಕ್ಕ ಹಾಕೋಣ. ಸಾಮಾನು ಸಮೇತ 60 ಕೆಜಿ ಅಂದ್ಕೊಳ್ಳಿ. ಭಾರದ ಮಧ್ಯಬಿಂದುವಿಗಿಂತ 15 ಸೆಂಟಿಮೀಟರ್ ಹಿಂದೆ ಚಕ್ರದ ಅಚ್ಚು ಇದ್ದು, ಅಚ್ಚಿನಿಂದ 1.8 ಮೀಟರ್ ಮುಂದೆ ನೀವು ಹಿಡಿದ್ರೆ, ಕೈಗೆ ಬರೋದು 5 ಕೆಜಿ. ಅದೇ ಗಾಡಿಯನ್ನ ಹಿಂದಿನ ತುದಿಗೆ ಸಿಕ್ಕಿಸಿದ್ರೆ ಹತ್ತತ್ರ ಅರ್ಧ ಭಾರ, 30 ಕೆಜಿ, ನಿಮ್ಮ ತೋಳಿಗೆ. ತುದಿಗೆ ಸಿಕ್ಕಿಸೋ ಪುಟ್ಟ ಗಾಡಿಗಳು ಹಗುರವಾದ ಚಿಕ್ಕ ಕಯಾಕಿಗೆ ಸರಿ, ಸಾಮಾನು ಹೇರಿದ 12 ಅಡಿಯದ್ದಕ್ಕೆ ಸುಮ್ನೆ ಶಿಕ್ಷೆ.

ಭಾರದ ಮಾತು ಬಂತಲ್ಲ. 12 ಅಡಿಯ ಕಯಾಕು ಖಾಲಿ ಇದ್ದಾಗಲೇ ಎಷ್ಟೋ ಸಲ 35ರಿಂದ 45 ಕೆಜಿ ತೂಗುತ್ತೆ. ಅದರ ಮೇಲೆ ಮೋಟಾರಿಗೆ ಅಂತ 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಇಟ್ಟರೆ ಇನ್ನೊಂದು ಸುಮಾರು 30. ಅಷ್ಟೇ ಶಕ್ತಿಯ ಲಿಥಿಯಂ ಬ್ಯಾಟರಿ 11-12 ಕೆಜಿ. ಗಾಡಿ ಬದಲಿಸೋ ಮುಂಚೆ ಬ್ಯಾಟರಿ ಬದಲಿಸಿದ್ರೆ ಸೊಂಟ ಉಳಿಯುತ್ತೆ, ಜೇಬು ಉಳಿಯಲ್ಲ, ಅದು ನಿಮ್ಮಿಷ್ಟ.

ಉಪ್ಪುನೀರಿಗೆ ಹೋಗೋರು ವಾಪಸ್ ಬಂದಮೇಲೆ ಅಚ್ಚು, ಬೇರಿಂಗು ಸಿಹಿನೀರಲ್ಲಿ ತೊಳೀಲೇಬೇಕು, ಸ್ಟೇನ್‌ಲೆಸ್ ಅಂತ ಬರೆದಿದ್ರೂ ಸರಿ. ಚಕ್ರ ಕಳಚಿ ಗಾಡಿ ಮಡಚಿದ್ರೆ ನಿಮ್ಮ ಕಯಾಕಿನ ಹಿಂಭಾಗದಲ್ಲಿ ಸಾಮಾನಿಡೋ ಗುಂಡಿಯಲ್ಲಿ ಕೂರುತ್ತಾ ಅಂತ ಕೊಳ್ಳೋ ಮುಂಚೆಯೇ ಅಳತೆ ತಗೊಳ್ಳಿ. ಚಕ್ರ ಹಿಡಿದಿಡೋ ಪಿನ್ನಿಗೆ ಒಂದು ದಾರ ಕಟ್ಟಿ ಚೌಕಟ್ಟಿಗೆ ಬಿಗೀರಿ, ಹೆಚ್ಚುವರಿ ಪಿನ್ನು ಎರಡು ಗಾಳದ ಡಬ್ಬಿಯಲ್ಲೇ ಇರಲಿ. ಮರಳಲ್ಲಿ ಬಿದ್ದ ಪಿನ್ನು ಸಿಗೋದು ಅಷ್ಟರಲ್ಲೇ ಇದೆ.